ಬೆಳಕು ಒಳಗೆ ತುಂಬಿದ್ದೂ ಹೊರಸೂಸದ ಸಿಲಿಕಾನ್ ಬಿಲ್ಲೆ: ಅನಾಪೋಲ್ ಮತ್ತು ಬಿಐಸಿ ಲೆಕ್ಕ ಹಾಕುವ ಬಗೆ

2015ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರೇ ಮಿರೊಶ್ನಿಚೆಂಕೊ, ಯೂರಿ ಕಿವ್ಶಾರ್ ಮತ್ತು ಸಂಗಡಿಗರು 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕ್ವಾರ್ಟ್ಜ್ ಹಲಗೆಯ ಮೇಲೆ 50 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಬಿಲ್ಲೆಗಳು. ಅವುಗಳಲ್ಲಿ 310 ನ್ಯಾನೋಮೀಟರ್ ವ್ಯಾಸದ ಬಿಲ್ಲೆ 640 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕನ್ನು ಚದುರಿಸುವುದನ್ನೇ ಬಹುಮಟ್ಟಿಗೆ ಬಿಟ್ಟುಬಿಟ್ಟಿತು. ದೂರದಿಂದ ನೋಡುವವರಿಗೆ ಅಲ್ಲಿ ಬಿಲ್ಲೆಯೇ ಇಲ್ಲ ಎನ್ನಿಸಬೇಕು. ಆದರೆ ಸಮೀಪಕ್ಷೇತ್ರ ಸೂಕ್ಷ್ಮದರ್ಶಕದ ಮೊನೆಯನ್ನು ಹತ್ತಿರ ತಂದಾಗ ಬಿಲ್ಲೆಯ ನಟ್ಟನಡುವೆ ಬೆಳಕು ಒತ್ತಾಗಿ ಕೂತಿರುವುದು ಕಂಡಿತು.

ಬೆಳಕು ಒಳಗಿದೆ, ಹೊರಗೆ ಬರುತ್ತಿಲ್ಲ. ಅನಾಪೋಲ್, ಬಿಐಸಿ ಎಂದು ಕರೆಯುವ ಇಂಥ ಸ್ಥಿತಿಗಳನ್ನು ಲೆಕ್ಕ ಹಾಕಿ ಹುಡುಕುವುದು ಹೇಗೆ, ಸಿಕ್ಕಿದ್ದು ಅದೇ ಹೌದೇ ಎಂದು ಪರೀಕ್ಷಿಸುವುದು ಹೇಗೆ, ಮುಂದೆ ಅದನ್ನು ಯಾವ ಕೆಲಸಕ್ಕೆ ಹಚ್ಚುವುದು ಎಂಬುದನ್ನು ಎಂಎಸ್‌ಸಿ ಭೌತಶಾಸ್ತ್ರದ ಅಥವಾ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ. ಒಂದು ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್, ಪೈಥಾನ್ ಇರುವ ಒಂದು ಲ್ಯಾಪ್‌ಟಾಪ್ ಸಾಕು. ದುಬಾರಿ ಸಾಫ್ಟ್‌ವೇರ್ ಪರವಾನಗಿ ಬೇಕಿಲ್ಲ.

ಕೆಲಸ ಶುರುಮಾಡುವ ಮೊದಲೇ ಒಂದು ಮಾತು. ಚದುರಿಕೆಯ ಗ್ರಾಫಿನಲ್ಲಿ ತಗ್ಗು ಕಂಡಾಕ್ಷಣ "ಅನಾಪೋಲ್ ಸಿಕ್ಕಿತು" ಎಂದು ಬರೆದುಬಿಡುವ ಪ್ರಾಜೆಕ್ಟ್ ವರದಿಗಳಿಗೆ ಕೊರತೆಯಿಲ್ಲ. ತಗ್ಗು ಎಂದರೆ ಹೊರಗೆ ಬೆಳಕು ಕಡಿಮೆ ಎಂದಷ್ಟೇ ಅರ್ಥ. ಒಳಗೂ ಏನೂ ಇಲ್ಲದಿದ್ದರೆ ಅದು ಹೊರಸೂಸದ ಸ್ಥಿತಿಯಲ್ಲ, ಬರೀ ಖಾಲಿ ಜಾಗ. ಆದ್ದರಿಂದ ಪ್ರತಿ ಹಂತದಲ್ಲೂ ಹೊರಗಿನ ಸಂಖ್ಯೆ ಮತ್ತು ಒಳಗಿನ ಸಂಖ್ಯೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲು ಎರಡು ಜಾತಿಗಳನ್ನು ಬೇರೆ ಮಾಡಿಕೊಳ್ಳಿ

ಹೊರಸೂಸದ ಸ್ಥಿತಿ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ.

ಒಂದು ಅನಾಪೋಲ್. ಈ ಕಲ್ಪನೆಯನ್ನು ಮುಂದಿಟ್ಟವರು ಸೋವಿಯತ್ ಭೌತವಿಜ್ಞಾನಿ ಯಾಕೊವ್ ಝೆಲ್ಡೊವಿಚ್, 1957ರಲ್ಲಿ. ಅವರು ಯೋಚಿಸುತ್ತಿದ್ದದ್ದು ಮೂಲಕಣಗಳ ಬಗ್ಗೆ. ಬೆಳಕಿನ ಲೋಕಕ್ಕೆ ಅದು ಬಂದದ್ದು ಬಹಳ ತಡವಾಗಿ. ಬಿಲ್ಲೆಯ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ವಿದ್ಯುದಾವೇಶ ಹಿಂದೆಮುಂದೆ ತೂಗಾಡುತ್ತದೆ. ಇದು ಸಾಮಾನ್ಯ ವಿದ್ಯುತ್ ದ್ವಿಧ್ರುವ, ರೇಡಿಯೋ ಆಂಟೆನಾದ ಹಾಗೆ ಹೊರಸೂಸುತ್ತದೆ. ಬಿಲ್ಲೆಯ ವಕ್ರೀಭವನ ಸೂಚ್ಯಂಕ ಹೆಚ್ಚಿದ್ದರೆ ಇನ್ನೊಂದು ಹರಿವೂ ಹುಟ್ಟುತ್ತದೆ. ಕಾಂತಕ್ಷೇತ್ರ ಉದ್ದಿನವಡೆಯ ಆಕಾರದಲ್ಲಿ ಸುತ್ತಿಕೊಳ್ಳುತ್ತದೆ, ವಿದ್ಯುತ್ ಹರಿವು ಆ ವಡೆಯ ತೂತಿನಲ್ಲಿ ಇಳಿದು ಹೊರಮೈಯಿಂದ ಮೇಲೇರುತ್ತದೆ. ಇದಕ್ಕೆ ಟೊರಾಯ್ಡಲ್ ದ್ವಿಧ್ರುವ ಎಂದು ಹೆಸರು. ದೂರಕ್ಕೆ ಹೋಗುವ ಬೆಳಕಿನ ವಿನ್ಯಾಸ ಎರಡಕ್ಕೂ ಒಂದೇ. ಎರಡರ ಪ್ರಮಾಣ ಸಮನಾಗಿ, ಹಂತ (ಫೇಸ್) ಪರಸ್ಪರ ವಿರುದ್ಧವಾದ ಅಲೆಯುದ್ದದಲ್ಲಿ ಅವು ದೂರದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಒಳಗಿನ ಹರಿವುಗಳು ಮಾತ್ರ ಹಾಗೇ ಇರುತ್ತವೆ.

ಇನ್ನೊಂದು ಬಿಐಸಿ (ಬೌಂಡ್ ಸ್ಟೇಟ್ ಇನ್ ದ ಕಂಟಿನ್ಯೂಯಮ್), ಅಂದರೆ ಹೊರಸೂಸಬಲ್ಲ ಅಲೆಗಳ ನಡುವೆಯೇ ಬಂಧಿಯಾಗಿ ಉಳಿದ ಸ್ಥಿತಿ. 1929ರಲ್ಲಿ ವಾನ್ ನಾಯ್ಮನ್ ಮತ್ತು ವಿಗ್ನರ್ ಇದನ್ನು ಎಲೆಕ್ಟ್ರಾನಿನ ಲೆಕ್ಕದಲ್ಲಿ ತೋರಿಸಿದ್ದರು. 2013ರಲ್ಲಿ ಎಂಐಟಿಯ ತಂಡ ತೂತುಗಳ ಸಾಲಿರುವ ಸಿಲಿಕಾನ್ ನೈಟ್ರೈಡ್ ಪದರದಲ್ಲಿ ಬೆಳಕನ್ನು ಹೀಗೆ ಹಿಡಿದಿಟ್ಟು 'ನೇಚರ್'ನಲ್ಲಿ ಪ್ರಕಟಿಸಿತು.

ವ್ಯತ್ಯಾಸ ಎಲ್ಲಿದೆ ಎಂದರೆ, ಬಿಐಸಿ ಎಂಬುದು ರಚನೆಯ ಸ್ವಂತ ಕಂಪನ. ಹೊರಗಿನಿಂದ ಬೆಳಕು ಬೀಳದಿದ್ದರೂ, ಒಮ್ಮೆ ಒಳಗೆ ಸೇರಿದ್ದು ಸೋರದೆ ಉಳಿಯುತ್ತದೆ. ಅನಾಪೋಲ್ ಹಾಗಲ್ಲ. ಬೀಳುವ ಬೆಳಕು ಇರುವಷ್ಟು ಹೊತ್ತು ಮಾತ್ರ ಆ ಅಳಿಸಾಟ ನಡೆಯುತ್ತದೆ; ಲೇಸರ್ ಆರಿಸಿದ ಕೂಡಲೇ ಒಳಗಿನ ಶಕ್ತಿ ಎಂದಿನಂತೆ ಹೊರಗೆ ಹೋಗುತ್ತದೆ. ಹೀಗಾಗಿ "ಅನಾಪೋಲಿನ ಕ್ಯು ಮೌಲ್ಯ ಅನಂತ" ಎಂಬ ಮಾತು ತಪ್ಪು (ಕ್ಯು ಎಂದರೆ ಒಳಗಿನ ಬೆಳಕು ಎಷ್ಟು ನಿಧಾನವಾಗಿ ಕಳೆದುಹೋಗುತ್ತದೆ ಎಂಬುದರ ಅಳತೆ). ಪೂರ್ಣ ಬಿಐಸಿಗೆ ಅದರದೇ ತೊಡಕಿದೆ: ಹೊರಗೆ ಬೆಳಕು ಬಿಡದ್ದು ಹೊರಗಿನ ಬೆಳಕನ್ನು ಒಳಗೂ ಬಿಟ್ಟುಕೊಳ್ಳುವುದಿಲ್ಲ. ಬಳಸಬೇಕೆಂದರೆ ಅದನ್ನು ಸ್ವಲ್ಪ ಕೆಡಿಸಲೇಬೇಕು.

ಒಂಟಿ ಕಣ, ಪುಟ್ಟ ಜಾಗ, ಅಗಲವಾದ ಬಣ್ಣಪಟ್ಟಿ ಬೇಕಿದ್ದರೆ ಅನಾಪೋಲ್ ಹಿಡಿಯಿರಿ. ಚೂಪಾದ ಅನುರಣನ, ಸಂವೇದಕ, ಲೇಸರ್ ಬೇಕಿದ್ದರೆ ಬಿಐಸಿ.

ಹಂತ 1: ವಸ್ತು ಆರಿಸುವುದು

ಬೇಕಾದದ್ದು ಎರಡು ಗುಣ: ಹೆಚ್ಚಿನ ವಕ್ರೀಭವನ ಸೂಚ್ಯಂಕ, ಕಡಿಮೆ ಹೀರಿಕೆ. ಚಿನ್ನ, ಬೆಳ್ಳಿಯ ನ್ಯಾನೋಕಣಗಳು ಬೆಳಕನ್ನು ಹಿಡಿಯುವುದರಲ್ಲಿ ಗಟ್ಟಿಗವಾದರೂ ಹಿಡಿದದ್ದನ್ನು ಬಿಸಿಯಾಗಿ ಕಳೆದುಬಿಡುತ್ತವೆ. ಡೈಎಲೆಕ್ಟ್ರಿಕ್‌ಗಳ, ಅಂದರೆ ಸಿಲಿಕಾನಿನಂಥ ಲೋಹವಲ್ಲದ ವಸ್ತುಗಳ, ಕಡೆ ಜನ ಹೊರಳಿದ್ದು ಅದಕ್ಕೇ.

ಸ್ಫಟಿಕ ಸಿಲಿಕಾನಿನ ಸೂಚ್ಯಂಕ 550 ನ್ಯಾನೋಮೀಟರಿನಲ್ಲಿ ಸುಮಾರು 4.1, 650ರಲ್ಲಿ 3.85, 1550ರಲ್ಲಿ 3.48. ದೃಗ್ಗೋಚರ ಬೆಳಕಿನಲ್ಲಿ ಅದು ಸ್ವಲ್ಪ ಹೀರುತ್ತದೆ. 1200 ದಾಟಿದ ಮೇಲೆ ಬಹುತೇಕ ಪಾರದರ್ಶಕ. ಹಸಿರು ಬೆಳಕಿನಿಂದಾಚೆಗೆ, ಅಂದರೆ 550ಕ್ಕಿಂತ ಉದ್ದದ ಅಲೆಗಳಿಗೆ, ಗ್ಯಾಲಿಯಂ ಫಾಸ್ಫೈಡ್ ಒಳ್ಳೆಯದು: ಸೂಚ್ಯಂಕ 3.3ರ ಸುತ್ತ, ಹೀರಿಕೆ ಅತ್ಯಲ್ಪ. ಟೈಟಾನಿಯಂ ಡೈಆಕ್ಸೈಡ್ ಸುಮಾರು 2.4, ಸಿಲಿಕಾನ್ ನೈಟ್ರೈಡ್ ಸುಮಾರು 2. ಈ ಕೊನೆಯ ಎರಡರಲ್ಲಿ ಒಂಟಿ ಬಿಲ್ಲೆಯ ಅನಾಪೋಲ್ ದುರ್ಬಲ, ಆದರೆ ಸಾಲುಗಟ್ಟಿದ ರಚನೆಯ ಬಿಐಸಿ ಚೆನ್ನಾಗಿಯೇ ಬರುತ್ತದೆ.

ಸೂಚ್ಯಂಕದ ನಿಖರ ಅಂಕಿಗಳಿಗೆ ರಿಫ್ರಾಕ್ಟಿವ್‌ಇಂಡೆಕ್ಸ್ ಡಾಟ್ ಇನ್ಫೋ ತಾಣ ನೋಡಿ. ಒಂದು ಎಚ್ಚರ: ಪದರವಾಗಿ ಹೊದಿಸಿದ ಸಿಲಿಕಾನ್ ಸಾಮಾನ್ಯವಾಗಿ ಅಸ್ಫಟಿಕ ಅಥವಾ ಬಹುಸ್ಫಟಿಕ. ಅದರ ಅಂಕಿ ಸ್ಫಟಿಕದ್ದಕ್ಕಿಂತ ಬೇರೆ, ಒಂದು ಯಂತ್ರದಿಂದ ಇನ್ನೊಂದಕ್ಕೂ ಬೇರೆ. ಲೆಕ್ಕಕ್ಕೆ ಪುಸ್ತಕದ ಅಂಕಿ ಸಾಕು, ತಯಾರಿಕೆಗೆ ಇಳಿಯುವಾಗ ಎಲಿಪ್ಸೊಮೀಟರಿನಲ್ಲಿ ಅಳೆಸಿ.

ಹಂತ 2: ಕ್ಯಾಲ್ಕ್ಯುಲೇಟರಿನಲ್ಲೇ ಮೊದಲ ಶೂನ್ಯ

ಗುಸ್ತಾವ್ ಮೀ 1908ರಲ್ಲಿ ಗೋಳದ ಮೇಲೆ ಬಿದ್ದ ಬೆಳಕಿನ ಚದುರಿಕೆಯನ್ನು ಪೂರ್ತಿಯಾಗಿ ಬಿಡಿಸಿಟ್ಟರು. ಅವರ ಸೂತ್ರ ನೋಡಿ ಹೆದರುವವರೇ ಹೆಚ್ಚು. ನಮಗೆ ಬೇಕಾದ ಭಾಗ, ಅಂದರೆ ವಿದ್ಯುತ್ ದ್ವಿಧ್ರುವದ ಹೊರಸೂಸುವಿಕೆ ಶೂನ್ಯವಾಗುವ ಷರತ್ತು, ನಾಲ್ಕು ಸಾಲಿನದು.

ಗ = 2 × 3.1416 × ಗೋಳದ ತ್ರಿಜ್ಯ ÷ ಅಲೆಯುದ್ದ
ಫ(ಯ) = ಸೈನ್ ಯ ÷ ಯ − ಕಾಸ್ ಯ
ಫ′(ಯ) = ಕಾಸ್ ಯ ÷ ಯ − ಸೈನ್ ಯ ÷ ಯ² + ಸೈನ್ ಯ
ದ(ಯ) = ಫ′(ಯ) ÷ ಫ(ಯ)

ಸೂಚ್ಯಂಕವನ್ನು ನ ಎನ್ನೋಣ. ಷರತ್ತು ಇಷ್ಟೇ: ನ × ದ(ಗ) = ದ(ನ × ಗ).

ಕ್ಯಾಲ್ಕ್ಯುಲೇಟರನ್ನು ರೇಡಿಯನ್‌ಗೆ ತಿರುಗಿಸಿ, ನ = 4 ಇಟ್ಟುಕೊಳ್ಳಿ. ಗ = 1.16 ಆದಾಗ ಎಡಭಾಗ 5.93, ಬಲಭಾಗ 6.78. ಗ = 1.17 ಆದಾಗ ಎಡ 5.86, ಬಲ 5.30. ನಡುವೆ ಎಲ್ಲೋ ಎರಡೂ ಸೇರಬೇಕು, ಸೇರುವುದು 1.166ರಲ್ಲಿ. ತ್ರಿಜ್ಯ 100 ನ್ಯಾನೋಮೀಟರ್ ಎಂದರೆ ಅಲೆಯುದ್ದ ಸುಮಾರು 539 ನ್ಯಾನೋಮೀಟರ್, ಹಸಿರು ಬೆಳಕು. ಸಿಲಿಕಾನಿನ ಸೂಚ್ಯಂಕ ಅಲ್ಲಿ 4ಕ್ಕಿಂತ ತುಸು ಹೆಚ್ಚು. ಹೊಸ ಸೂಚ್ಯಂಕ ಹಾಕಿ ಮತ್ತೆ ಬಿಡಿಸಿದರೆ ಅಲೆಯುದ್ದ ಸ್ವಲ್ಪ ಸರಿಯುತ್ತದೆ. ಎರಡು ಮೂರು ಸುತ್ತಿನಲ್ಲಿ ಉತ್ತರ ನಿಲ್ಲುತ್ತದೆ.

ಈಗ ಒಳಗಿನ ಸಂಖ್ಯೆ. ಮೀ ಲೆಕ್ಕದಲ್ಲಿ ಗೋಳದೊಳಗಿನ ಕ್ಷೇತ್ರಕ್ಕೂ ಒಂದು ಗುಣಾಂಕವಿದೆ. ಹೊರಗಿನ ಗುಣಾಂಕದ ಅಂಶ ಶೂನ್ಯವಾದಾಗಲೂ ಒಳಗಿನದರ ಅಂಶ ಶೂನ್ಯವಾಗುವುದಿಲ್ಲ, ಏಕೆಂದರೆ ಎರಡಕ್ಕೂ ಛೇದ ಒಂದೇ ಆದರೂ ಅಂಶ ಬೇರೆ. ಬೆಳಕು ಒಳಗಿದೆ, ದ್ವಿಧ್ರುವ ಹೊರಸೂಸುತ್ತಿಲ್ಲ. ನಾವು ಹುಡುಕುತ್ತಿದ್ದದ್ದು ಇದೇ.

ಆದರೂ ಗೋಳ ಮರೆಯಾಗುವುದಿಲ್ಲ! ಮೇಲಿನದೇ ಬಿಂದುವಿನಲ್ಲಿ ಉಳಿದ ಗುಣಾಂಕಗಳನ್ನೂ ಲೆಕ್ಕ ಹಾಕಿದರೆ ಒಟ್ಟು ಚದುರಿಕೆಯ ದಕ್ಷತೆ (ಗೋಳ ತನ್ನ ಅಡ್ಡಕೊಯ್ತದ ಮೇಲೆ ಬೀಳುವ ಬೆಳಕಿನ ಎಷ್ಟು ಪಟ್ಟನ್ನು ಚದುರಿಸುತ್ತದೆ ಎಂಬ ಅಂಕಿ) ಸುಮಾರು 0.5 ಬರುತ್ತದೆ. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಕಾಂತೀಯ ದ್ವಿಧ್ರುವದ್ದು, ಮಿಕ್ಕದ್ದರಲ್ಲಿ ಹೆಚ್ಚಿನದು ಕಾಂತೀಯ ಚತುರ್ಧ್ರುವದ್ದು. ಇದೇ ಗೋಳ 800 ನ್ಯಾನೋಮೀಟರ್ ಆಚೀಚೆಯ ಕಾಂತೀಯ ಅನುರಣನದಲ್ಲಿ 10ರ ಆಸುಪಾಸಿನ ದಕ್ಷತೆ ತೋರಿಸುತ್ತದೆ, ಅದಕ್ಕೆ ಹೋಲಿಸಿದರೆ 0.5 ಚಿಕ್ಕದು, ಆದರೆ ಶೂನ್ಯವಲ್ಲ. ಗೋಳದಲ್ಲಿ ಅನಾಪೋಲ್ ಇದೆ, ಉಳಿದ ಧ್ರುವಗಳ ಗದ್ದಲದಲ್ಲಿ ಅದು ಕಾಣುವುದಿಲ್ಲ. ಪ್ರಯೋಗ ಮಾಡುವವರು ಗೋಳ ಬಿಟ್ಟು ಚಪ್ಪಟೆ ಬಿಲ್ಲೆಗೆ ಹೋದದ್ದು ಈ ಕಾರಣಕ್ಕೆ. ಬಿಲ್ಲೆ ತೆಳುವಾದಷ್ಟೂ ಕಾಂತೀಯ ಹರಿವು ಸುತ್ತಿಕೊಳ್ಳಲು ಜಾಗ ಸಾಲದೆ ಅದರ ಪಾಲು ಕುಗ್ಗುತ್ತದೆ.

ಪೈಥಾನಿನಲ್ಲಿ ಎಲ್ಲ ಗುಣಾಂಕಗಳನ್ನೂ ಒಟ್ಟಿಗೆ ಲೆಕ್ಕ ಹಾಕಲು ಸೈಪೈ ಗ್ರಂಥಾಲಯದ ಸ್ಫೆರಿಕಲ್ ಬೆಸೆಲ್ ಫಂಕ್ಷನ್‌ಗಳು ಸಿದ್ಧವಾಗಿವೆ. ಮೇಲಿನ 1.166 ಬಂದರೆ ನಿಮ್ಮ ಪ್ರೋಗ್ರಾಂ ಸರಿಯಿದೆ ಎಂದು ತಿಳಿದು ಮುಂದೆ ಹೋಗಿ.

ಹಂತ 3: ಗೋಳದಿಂದ ಬಿಲ್ಲೆಗೆ

ಬಿಲ್ಲೆಗೆ ಸಿದ್ಧ ಸೂತ್ರವಿಲ್ಲ. ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಹೆಜ್ಜೆಹೆಜ್ಜೆಯಾಗಿ ಬಿಡಿಸಬೇಕು. ಎಂಐಟಿಯಲ್ಲಿ ಹುಟ್ಟಿದ ಮೀಪ್ ಇದಕ್ಕೆ ಉಚಿತವಾಗಿ ಸಿಗುವ ಸಾಧನ. ಲಿನಕ್ಸಿನಲ್ಲಿ ಕಾಂಡಾ ಮೂಲಕ ಹಾಕಿಕೊಳ್ಳಬಹುದು, ವಿಂಡೋಸ್ ಇದ್ದವರು ಅದರೊಳಗೇ ಲಿನಕ್ಸ್ ತೆರೆದುಕೊಳ್ಳಬೇಕು. ಕಾಲೇಜಿನಲ್ಲಿ ಕಾಮ್ಸಾಲ್ ಅಥವಾ ಲ್ಯೂಮೆರಿಕಲ್ ಇದ್ದರೆ ಅದೂ ಆದೀತು. ಮುಂದಿನ ವಿವರಗಳು ಮೀಪಿಗೆ.

ಉದ್ದದ ಏಕಮಾನ 1 ಮೈಕ್ರೋಮೀಟರ್ ಎಂದು ಇಟ್ಟುಕೊಳ್ಳಿ. ಬಿಲ್ಲೆಯ ದಪ್ಪ 0.05, ತ್ರಿಜ್ಯ 0.155. ಪ್ರತಿ ಮೈಕ್ರೋಮೀಟರಿಗೆ ಲೆಕ್ಕದ ಜಾಲದ 100 ಚುಕ್ಕೆ ಕೊಟ್ಟರೆ ದಪ್ಪಕ್ಕೆ ಐದೇ ಚುಕ್ಕೆ ಸಿಗುತ್ತದೆ, ಸಾಲದು. 200 ಕೊಡಿ. 1.5 ಮೈಕ್ರೋಮೀಟರ್ ಬದಿಯ ಘನದಲ್ಲಿ ಆಗ 2.7 ಕೋಟಿ ಚುಕ್ಕೆಗಳಾಗುತ್ತವೆ. ಬಿಲ್ಲೆಗೂ ಬೀಳುವ ಅಲೆಗೂ ಎರಡು ಕನ್ನಡಿ ಸಮಮಿತಿಗಳಿರುವುದರಿಂದ ಕಾಲುಭಾಗವನ್ನಷ್ಟೇ ಲೆಕ್ಕ ಮಾಡಿದರೆ ಸಾಕು. ಧ್ರುವೀಕರಣದ ದಿಕ್ಕಿನ ಕನ್ನಡಿಗೆ ಚಿಹ್ನೆ ಋಣ, ಅದಕ್ಕೆ ಅಡ್ಡದ ಕನ್ನಡಿಗೆ ಧನ. ಇದು ತಿರುವುಮುರುವಾದರೆ ಪ್ರೋಗ್ರಾಂ ದೋಷ ಹೇಳದೆ ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ.

ಸುತ್ತ ಬೆಳಕು ನುಂಗುವ ಪದರ ಬೇಕು. ಅತ್ಯುದ್ದ ಅಲೆಯ ಅರ್ಧದಷ್ಟಾದರೂ ದಪ್ಪ ಕೊಡಿ. ಸಮತಲ ಅಲೆಯ ಮೂಲ ಇಡೀ ಕೋಶದಗಲಕ್ಕೆ ಚಾಚಿ ಆ ಪದರದೊಳಗೂ ಹೋಗಬೇಕು, ಅದಕ್ಕೆ ಮೂಲದ ಆಯ್ಕೆಗಳಲ್ಲಿ 'ಇಂಟಿಗ್ರೇಟೆಡ್' ಎಂಬುದನ್ನು ಹೌದು ಎಂದು ಇಡಿ.

ಚದುರಿದ ಬೆಳಕನ್ನು ಅಳೆಯಲು ಎರಡು ಓಟ. ಮೊದಲನೆಯದು ಬಿಲ್ಲೆ ಇಲ್ಲದೆ. ಆಗ ಬಿಲ್ಲೆಯ ಜಾಗದ ಸುತ್ತಲಿನ ಆರು ಮುಖಗಳ ಪೆಟ್ಟಿಗೆಯಲ್ಲಿ ಕ್ಷೇತ್ರವನ್ನು ದಾಖಲಿಸಿ. ಎರಡನೆಯದು ಬಿಲ್ಲೆಯೊಂದಿಗೆ, ಮೊದಲ ದಾಖಲೆಯನ್ನು ಕಳೆದರೆ ಚದುರಿದ ಕ್ಷೇತ್ರವಷ್ಟೇ ಉಳಿಯುತ್ತದೆ. ಕ್ವಾರ್ಟ್ಜ್ ಹಲಗೆ ಸೇರಿಸಿದ ಮೇಲೆ ಮೊದಲ ಓಟದಲ್ಲೂ ಹಲಗೆ ಇರಬೇಕು, ಬಿಲ್ಲೆ ಮಾತ್ರ ಇರಬಾರದು. ಇಲ್ಲವಾದರೆ ಹಲಗೆಯ ಪ್ರತಿಫಲನವೂ ಬಿಲ್ಲೆಯ ಚದುರಿಕೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ನನ್ನ ಸಲಹೆ: ಮೊದಲು ಗಾಳಿಯಲ್ಲಿ ತೇಲುವ ಬಿಲ್ಲೆ, ಸ್ಥಿರ ಸೂಚ್ಯಂಕ, ಹೀರಿಕೆ ಸೊನ್ನೆ. ಇದು ಸರಿಯಾಗಿ ಬಂದ ಮೇಲೆ ಒಂದೊಂದೇ ಸೇರಿಸಿ. ಹಂತ 2ರ ಗೋಳವನ್ನೇ ಒಮ್ಮೆ ಮೀಪಿನಲ್ಲಿ ಓಡಿಸಿ ಮೀ ಲೆಕ್ಕದ ಜೊತೆ ತಾಳೆ ನೋಡಿಕೊಂಡರೆ ಇನ್ನೂ ವಾಸಿ.

ಅಳತೆ ಬದಲಿಸುವಾಗ ಒಂದು ಅನುಕೂಲವಿದೆ. ಸೂಚ್ಯಂಕ ಬದಲಾಗದಿದ್ದರೆ, ಎಲ್ಲ ಅಳತೆಗಳನ್ನೂ ಶೇ 3ರಷ್ಟು ಹಿಗ್ಗಿಸಿದಾಗ ಅಲೆಯುದ್ದವೂ ಸರಿಯಾಗಿ ಶೇ 3ರಷ್ಟು ಹಿಗ್ಗುತ್ತದೆ. 640ರ ತಗ್ಗು 659ಕ್ಕೆ ಸರಿಯುತ್ತದೆ. ಹೊಸ ಅಲೆಯುದ್ದಕ್ಕೆ ಮೊದಲಿನಿಂದ ಹುಡುಕಬೇಕಾಗಿಲ್ಲ.

ಹಂತ 4: ಅದು ಅನಾಪೋಲ್ ಹೌದೇ?

ತಗ್ಗು ಸಿಕ್ಕಿದೆ ಎನ್ನಿ. ಮೂರು ಪರೀಕ್ಷೆಗಳಿವೆ, ಮೂರನ್ನೂ ಮಾಡಿ.

ಬಿಲ್ಲೆಯೊಳಗಿನ ವಿದ್ಯುತ್ ಶಕ್ತಿಯನ್ನು ಪ್ರತಿ ಅಲೆಯುದ್ದಕ್ಕೂ ಕೂಡಿ, ಚದುರಿಕೆಯ ಗ್ರಾಫಿನ ಮೇಲೆಯೇ ಎರಡನೇ ಗೆರೆಯಾಗಿ ಎಳೆಯಿರಿ. ಚದುರಿಕೆ ತಗ್ಗಿದ ಕಡೆ ಶಕ್ತಿ ಏರಿರಬೇಕು. ಎರಡೂ ಕರಾರುವಾಕ್ಕಾಗಿ ಒಂದೇ ಬಿಂದುವಿನಲ್ಲಿ ಬರಬೇಕೆಂದಿಲ್ಲ, ಕೆಲವು ನ್ಯಾನೋಮೀಟರ್ ಆಚೀಚೆ ಇರುವುದು ಸಹಜ. ಶಕ್ತಿಯೂ ತಗ್ಗಿದ್ದರೆ ಅಲ್ಲಿ ಅನಾಪೋಲ್ ಇಲ್ಲ.

ಎರಡನೆಯದಾಗಿ ಬಿಲ್ಲೆಯ ನಡುಮಟ್ಟದಲ್ಲಿ ವಿದ್ಯುತ್ ಕ್ಷೇತ್ರದ ಚಿತ್ರ ತೆಗೆಯಿರಿ. ನಡುವೆ ಒತ್ತಾದ ಚುಕ್ಕೆ, ಅದರ ಎರಡು ಪಕ್ಕಗಳಲ್ಲಿ ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಸುಳಿಗಳು ಕಾಣಬೇಕು. ಸುಳಿಗಳ ಕೇಂದ್ರಗಳಲ್ಲಿ ವಿದ್ಯುತ್ ಕ್ಷೇತ್ರ ಬಹುತೇಕ ಸೊನ್ನೆಗಿಳಿದಿರುತ್ತದೆ.

ಮೂರನೆಯದು ಧ್ರುವಗಳ ವಿಂಗಡಣೆ. ಒಳಗಿನ ಹರಿವನ್ನು ಗಾತ್ರದ ಮೇಲೆ ಕೂಡಿ ಸಾಮಾನ್ಯ ದ್ವಿಧ್ರುವ ಮತ್ತು ಟೊರಾಯ್ಡಲ್ ದ್ವಿಧ್ರುವ ಎರಡನ್ನೂ ಬೇರೆಬೇರೆ ಲೆಕ್ಕ ಹಾಕಿ. ಪ್ರಮಾಣಗಳು ಸಮನಾಗುವ ಮತ್ತು ಹಂತಗಳು ಅರ್ಧ ಸುತ್ತು ದೂರವಿರುವ ಬಿಂದು ಸಿಗಬೇಕು. ಕೇಂದ್ರಬಿಂದುವನ್ನು ಬಿಲ್ಲೆಯ ನಡುವಿನಲ್ಲೇ ಇಡಿ, ಸರಿಸಿದರೆ ಅಂಕಿಗಳು ಬದಲಾಗುತ್ತವೆ. ಇಲ್ಲೊಂದು ವಾದವೂ ಇದೆ. ದೂರದಿಂದ ಅಳೆಯಬಹುದಾದದ್ದು ಈ ಎರಡರ ಮೊತ್ತ ಮಾತ್ರ. ಬಿಡಿಬಿಡಿಯಾಗಿ ಎರಡನ್ನೂ ಯಾರೂ ದೂರದಲ್ಲಿ ಕಾಣಲಾರರು. ಹಾಗಾಗಿ ಟೊರಾಯ್ಡಲ್ ಎಂಬುದು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಪಾಲು ಎನ್ನುವವರಿದ್ದಾರೆ, ನಾನೂ ಆ ಕಡೆಯವನೇ. ಆದರೆ ಕ್ಷೇತ್ರ ಎಲ್ಲಿ ಒತ್ತಾಗುತ್ತದೆ ಎಂದು ಊಹಿಸಲು ಆ ಪಾಲು ಉಪಯುಕ್ತ, ಅದಕ್ಕೇ ಉಳಿಸಿಕೊಂಡಿದ್ದೇವೆ.

ಹಂತ 5: ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ

ಈಗ ಬಿಐಸಿ. ಚೌಕ ಮನೆಗಳಲ್ಲಿ ಒಂದೊಂದು ಸಿಲಿಕಾನ್ ಬಿಲ್ಲೆ ಇಟ್ಟ ಅನಂತ ಹಾಸನ್ನು ಊಹಿಸಿಕೊಳ್ಳಿ. ಪ್ರತಿ ಬಿಲ್ಲೆಯೊಳಗೂ ದ್ವಿಧ್ರುವ ನೆಟ್ಟಗೆ, ಹಾಸಿನ ಮೇಲ್ಮೈಗೆ ಲಂಬವಾಗಿ ತೂಗುತ್ತಿದೆ, ಎಲ್ಲವೂ ಒಂದೇ ತಾಳದಲ್ಲಿ. ಮನೆಗಳ ಅಗಲ ಅಲೆಯುದ್ದಕ್ಕಿಂತ ಕಡಿಮೆಯಿದ್ದರೆ ಇಂಥ ಹಾಸು ಹೊರಸೂಸಬಹುದಾದ ದಿಕ್ಕು ಲಂಬ ಒಂದೇ. ಬೇರೆ ಓರೆ ದಿಕ್ಕುಗಳಿಗೆ ಅಲೆಗಳು ಕೂಡಿಕೊಳ್ಳುವುದಿಲ್ಲ. ಆದರೆ ಯಾವ ದ್ವಿಧ್ರುವವೂ ತನ್ನ ಅಕ್ಷದ ದಿಕ್ಕಿನಲ್ಲಿ ಹೊರಸೂಸುವುದಿಲ್ಲ. ಹೋಗಬಹುದಾದ ದಿಕ್ಕು ಒಂದೇ, ಆ ದಿಕ್ಕಿಗೆ ಕಳಿಸಲು ಅದಕ್ಕೆ ಬರುವುದಿಲ್ಲ. ಬೆಳಕು ಸಿಕ್ಕಿಬಿದ್ದಂತಾಯಿತು. ಸಮಮಿತಿ ಕಾಯುವ ಬಿಐಸಿ ಎಂದರೆ ಇಷ್ಟೇ.

ಮನೆಯ ಅಗಲಕ್ಕೆ ಮಿತಿ ಹಾಕುವಾಗ ಹಲಗೆಯನ್ನು ಮರೆಯಬೇಡಿ. ಹಲಗೆಯೊಳಗೆ ಅಲೆ ಗಿಡ್ಡವಾಗುತ್ತದೆ. 1550 ನ್ಯಾನೋಮೀಟರಿಗೆ, ಹಲಗೆಯ ಸೂಚ್ಯಂಕ 1.45 ಆದರೆ, ಮನೆಯ ಅಗಲ 1069 ನ್ಯಾನೋಮೀಟರಿಗಿಂತ ಕಡಿಮೆ ಇರಲೇಬೇಕು. ದಾಟಿದರೆ ಹಲಗೆಯೊಳಕ್ಕೆ ಓರೆ ಕಿರಣಗಳು ಸೋರತೊಡಗುತ್ತವೆ, ಕ್ಯು ಕುಸಿಯುತ್ತದೆ.

ಲೆಕ್ಕಕ್ಕೆ ಒಂದು ಮನೆ ಸಾಕು. ಬದಿಗಳಿಗೆ ಆವರ್ತಕ ಗಡಿ, ಮೇಲೆ ಕೆಳಗೆ ನುಂಗುವ ಪದರ. ಪೂರ್ಣ ಸಮಮಿತಿ ಇರುವಾಗ ಸಮತಲ ಅಲೆ ಬಿಟ್ಟರೆ ಸ್ಪೆಕ್ಟ್ರಮ್ಮಿನಲ್ಲಿ ಏನೂ ಕಾಣುವುದಿಲ್ಲ, ಕಾಣಬಾರದು. ಅದನ್ನು ಹುಡುಕಲು ಮನೆಯೊಳಗೆ ನಡುವಿನಿಂದ ಸರಿದ ಜಾಗದಲ್ಲಿ ಒಂದು ಚುಕ್ಕೆ ಮೂಲ ಇಟ್ಟು, ಮೀಪಿನ ಹಾರ್ಮಿನ್ವ್ ಉಪಕರಣದಿಂದ ಉಳಿದುಕೊಂಡ ಕಂಪನಗಳ ಆವರ್ತನ ಮತ್ತು ಕ್ಯು ಕೇಳಿ.

ಸಮಯದ ಬಗ್ಗೆ ಎಚ್ಚರ. 1550 ನ್ಯಾನೋಮೀಟರಿನಲ್ಲಿ ಕ್ಯು 10,000 ಇದ್ದರೆ ಬೆಳಕು ಒಳಗೆ ಸುಮಾರು 8.2 ಪಿಕೋಸೆಕೆಂಡ್ ನಿಲ್ಲುತ್ತದೆ. ಮೀಪಿನ ಒಂದು ಸಮಯ ಏಕಮಾನ, 1 ಮೈಕ್ರೋಮೀಟರ್ ಅಳತೆಯಲ್ಲಿ, 3.34 ಫೆಮ್ಟೋಸೆಕೆಂಡ್. ಅಂದರೆ ಒಂದು ಆಯುಷ್ಯಕ್ಕೇ ಸುಮಾರು 2500 ಏಕಮಾನ ಬೇಕು, ಸ್ಪೆಕ್ಟ್ರಮ್ ಸರಿಯಾಗಿ ಬರಲು ಅದರ ಹಲವು ಪಟ್ಟು. ಎರಡು ನೂರಕ್ಕೇ ನಿಲ್ಲಿಸಿದವರ ಗ್ರಾಫಿನಲ್ಲಿ ಶಿಖರ ಬೇಕಿಲ್ಲದ ಅಗಲಕ್ಕೆ ಹರಡಿ, ಪಕ್ಕದಲ್ಲಿ ಕಿರುಅಲೆಗಳು ಏಳುತ್ತವೆ. ಆ ಕಿರುಅಲೆಗಳಿಗೆ ಭೌತಿಕ ಅರ್ಥ ಹುಡುಕಲು ಹೋಗಬೇಡಿ.

ಹಂತ 6: ಎಷ್ಟು ಕೆಡಿಸಬೇಕು?

ಇಡೀ ಕೆಲಸದಲ್ಲಿ ವಿನ್ಯಾಸಕಾರರ ಕೈಚಳಕ ಇರುವುದು ಇಲ್ಲೇ. ಬಿಲ್ಲೆಯಲ್ಲಿ ನಡುತಪ್ಪಿದ ತೂತು ಕೊರೆಯಬಹುದು, ಅಂಚಿನಲ್ಲಿ ಒಂದು ಕಚ್ಚು ಹಾಕಬಹುದು, ಅಥವಾ ಎರಡು ದೀರ್ಘವೃತ್ತಗಳನ್ನು ಜೋಡಿಯಾಗಿಟ್ಟು ವಿರುದ್ಧ ದಿಕ್ಕುಗಳಿಗೆ ಸ್ವಲ್ಪ ವಾಲಿಸಬಹುದು. ಯಾವುದೇ ಆಗಲಿ, ಸಮಮಿತಿ ಎಷ್ಟು ಕೆಟ್ಟಿತು ಎನ್ನುವುದಕ್ಕೆ ಒಂದು ಅಂಕಿ ಕೊಡಿ. ವಾಲಿದ ದೀರ್ಘವೃತ್ತಗಳಿಗೆ ವಾಲಿದ ಕೋನದ ಸೈನ್ ಬೆಲೆಯೇ ಆ ಅಂಕಿ. ಕಿರಿಲ್ ಕೊಶೆಲೆವ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದಂತೆ, ಹೊರಸೂಸುವಿಕೆಯ ಕ್ಯು ಆ ಅಂಕಿಯ ವರ್ಗಕ್ಕೆ ವಿಲೋಮವಾಗಿರುತ್ತದೆ. ಅಂಕಿ ಅರ್ಧವಾದರೆ ಕ್ಯು ನಾಲ್ಕು ಪಟ್ಟು.

ನಾಲ್ಕೈದು ಬೆಲೆಗಳಿಗೆ ಲೆಕ್ಕ ಮಾಡಿ ಲಾಗ್-ಲಾಗ್ ಗ್ರಾಫ್ ಎಳೆಯಿರಿ. ಇಳಿಜಾರು −2 ಬರಬೇಕು. ಚಿಕ್ಕ ಬೆಲೆಗಳ ಕಡೆ ಗೆರೆ ಚಪ್ಪಟೆಯಾದರೆ ಹೀರಿಕೆ ಅಡ್ಡಬಂದಿದೆ, ಇಲ್ಲವೇ ಚುಕ್ಕೆಜಾಲದ ಮೆಟ್ಟಿಲುಗಳೇ ಸಮಮಿತಿಯನ್ನು ಕೆಡಿಸುತ್ತಿವೆ. ಜಾಲವನ್ನು ಸಣ್ಣದು ಮಾಡಿ ಮತ್ತೆ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಕ್ಯು ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭ್ರಮೆ ಬೇಡ. ನಿಜವಾದ ಮಾದರಿಯಲ್ಲಿ ಹೀರಿಕೆ, ಒರಟು ಅಂಚು, ಹಾಸಿನ ಸೀಮಿತ ಅಗಲ ಇವೆಲ್ಲ ಬೆಳಕು ಕಳೆಯುತ್ತವೆ. ಇವುಗಳ ಕ್ಯು ಮೌಲ್ಯಗಳ ವಿಲೋಮಗಳಿಗೆ ಹೊರಸೂಸುವಿಕೆಯ ಕ್ಯು ಮೌಲ್ಯದ ವಿಲೋಮವನ್ನೂ ಕೂಡಿದರೆ ಒಟ್ಟು ಕ್ಯು ಮೌಲ್ಯದ ವಿಲೋಮ. ಒಳಗಿನ ಕ್ಷೇತ್ರ ಅತಿ ಹೆಚ್ಚಾಗುವುದು ಹೊರಸೂಸುವಿಕೆಯ ಕ್ಯು ಉಳಿದ ನಷ್ಟಗಳ ಕ್ಯು ಮೌಲ್ಯಕ್ಕೆ ಸಮನಾದಾಗ. ಅದಕ್ಕಿಂತ ಹೆಚ್ಚು ಬಿಗಿ ಮಾಡಿದರೆ ಬೆಳಕು ಒಳಗೆ ಬರುವುದೇ ಕಡಿಮೆಯಾಗಿ, ಬಂದದ್ದೂ ನಷ್ಟಕ್ಕೆ ಹೋಗುತ್ತದೆ.

ಒಂದು ಲೆಕ್ಕ ಮಾಡೋಣ, ಅಂಕಿಗಳು ಉದಾಹರಣೆಗಷ್ಟೇ. ಅಸಮಮಿತಿ 0.1 ಇದ್ದಾಗ ಲೆಕ್ಕದಲ್ಲಿ ಹೊರಸೂಸುವಿಕೆಯ ಕ್ಯು 5000 ಬಂತು. ಆಗ ಸ್ಥಿರಾಂಕ 5000 × 0.01 = 50. ನಿಮ್ಮ ತಯಾರಿಕೆಯಲ್ಲಿ ಉಳಿದ ನಷ್ಟಗಳ ಕ್ಯು 2000 ಎನ್ನಿ. 50 ÷ 2000ರ ವರ್ಗಮೂಲ 0.158, ಸೈನ್ ಬೆಲೆ ಅಷ್ಟಾಗುವ ಕೋನ ಸುಮಾರು 9 ಡಿಗ್ರಿ. ದೀರ್ಘವೃತ್ತಗಳನ್ನು 9 ಡಿಗ್ರಿ ವಾಲಿಸಿ, ಒಟ್ಟು ಕ್ಯು 1000 ಸಿಗುತ್ತದೆ. 3 ಡಿಗ್ರಿಗೆ ಇಳಿಸಿದವರ ಪ್ರಬಂಧದಲ್ಲಿ ಹೊರಸೂಸುವಿಕೆಯ ಕ್ಯು ಬೆರಗು ಹುಟ್ಟಿಸೀತು, ಮಾದರಿಯೊಳಗಿನ ಬೆಳಕು ಮಾತ್ರ ನಿಮ್ಮದರಲ್ಲೇ ಹೆಚ್ಚು.

ಹಂತ 7: ಯಾವ ಕೆಲಸಕ್ಕೆ?

ಉದ್ದೇಶ ಮೊದಲೇ ಗೊತ್ತಿದ್ದರೆ ವಸ್ತು, ಕ್ಯು ಎರಡೂ ತಾವಾಗಿ ತೀರ್ಮಾನವಾಗುತ್ತವೆ.

ಬಣ್ಣ ಬದಲಿಸುವ ಕೆಲಸಕ್ಕೆ, ಅಂದರೆ ಎರಡನೇ ಅಥವಾ ಮೂರನೇ ಹಾರ್ಮೋನಿಕ್ (ಬೀಳುವ ಬೆಳಕಿನ ಎರಡು ಅಥವಾ ಮೂರು ಪಟ್ಟು ಆವರ್ತನದ ಬೆಳಕು) ಹುಟ್ಟಿಸಲು, ಒಳಗಿನ ತೀವ್ರತೆಯೇ ಎಲ್ಲ. ಮೂರನೇ ಹಾರ್ಮೋನಿಕ್ ತೀವ್ರತೆಯ ಘನದಂತೆ ಏರುತ್ತದೆ: ಒಳಗೆ ಹತ್ತು ಪಟ್ಟಾದರೆ ಹೊರಗೆ ಸಾವಿರ ಪಟ್ಟು. 2016ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಜರ್ಮೇನಿಯಂ ಬಿಲ್ಲೆಯ ಅನಾಪೋಲಿಗೆ 1650 ನ್ಯಾನೋಮೀಟರಿನ ಬೆಳಕು ಬಿಟ್ಟು 550ರ ಹಸಿರು ಬೆಳಕನ್ನು ಶೇ 0.0001 ದಕ್ಷತೆಯಲ್ಲಿ ಪಡೆಯಿತು. ಅಂಕಿ ಚಿಕ್ಕದೆನಿಸಬಹುದು, ಆದರೆ ಬಿಲ್ಲೆ ಇಲ್ಲದ ಬರಿಯ ಜರ್ಮೇನಿಯಂ ಪದರಕ್ಕೆ ಹೋಲಿಸಿದರೆ ಅದು ಸಾವಿರಾರು ಪಟ್ಟು. ಎರಡನೇ ಹಾರ್ಮೋನಿಕ್ ಬೇಕಿದ್ದರೆ ಸಿಲಿಕಾನ್, ಜರ್ಮೇನಿಯಂ ಎರಡನ್ನೂ ಬಿಡಿ. ಅವುಗಳ ಸ್ಫಟಿಕ ಕೇಂದ್ರ ಸಮಮಿತಿಯದು, ಒಡಲೊಳಗೆ ಎರಡನೇ ಹಾರ್ಮೋನಿಕ್ ಹುಟ್ಟುವುದಿಲ್ಲ. 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಅಲ್ಯುಮಿನಿಯಂ ಗ್ಯಾಲಿಯಂ ಆರ್ಸೆನೈಡಿನ 635 ನ್ಯಾನೋಮೀಟರ್ ಎತ್ತರದ ಒಂಟಿ ಬಿಲ್ಲೆ ಬಳಸಿದರು. ಕ್ಯು ಸಾವಿರವನ್ನೂ ಮುಟ್ಟಿರಲಿಲ್ಲ. ಬೀಳುವ ಕಿರಣದ ಧ್ರುವೀಕರಣ ಅದರ ನಡುವಿನ ಸುತ್ತ ಬಳೆಯಂತೆ ಇರುವ ಹಾಗೆ (ಅಜಿಮುತಲ್ ಧ್ರುವೀಕರಣ) ಮಾಡಿ ಬಿಲ್ಲೆಯ ಕಂಪನಕ್ಕೆ ಹೊಂದಿಸಿದ್ದೇ ಗೆಲುವಿನ ಅರ್ಧ ಗುಟ್ಟು.

ಸಂವೇದಕಕ್ಕೆ ಬೇರೆ ಲೆಕ್ಕ. ಸುತ್ತಲಿನ ದ್ರವದ ಸೂಚ್ಯಂಕ ಬದಲಾದಾಗ ಶಿಖರ ಎಷ್ಟು ಸರಿಯುತ್ತದೆ, ಆ ಸರಿತಕ್ಕೆ ಹೋಲಿಸಿದರೆ ಶಿಖರದ ಅಗಲ ಎಷ್ಟು ಎಂಬುದು ಮುಖ್ಯ. ಏಕಮಾನ ಸೂಚ್ಯಂಕಕ್ಕೆ 200 ನ್ಯಾನೋಮೀಟರ್ ಸರಿಯುವ ರಚನೆ, ಸೂಚ್ಯಂಕ 0.001ರಷ್ಟು ಬದಲಾದಾಗ 0.2 ನ್ಯಾನೋಮೀಟರ್ ಸರಿಯುತ್ತದೆ. 1550ರಲ್ಲಿ ಕ್ಯು 2000 ಇದ್ದರೆ ಶಿಖರದ ಅಗಲ 0.78. ಗುರುತಿಸಬಹುದು. ಇಲ್ಲೊಂದು ವಿಪರ್ಯಾಸವಿದೆ: ಬೆಳಕು ಪೂರ್ತಿ ಸಿಲಿಕಾನಿನೊಳಗೇ ಕೂತರೆ ಹೊರಗಿನ ದ್ರವ ಅದಕ್ಕೆ ತಟ್ಟುವುದೇ ಇಲ್ಲ. ಬಿಲ್ಲೆಗಳ ನಡುವಿನ ಸಂದಿಯಲ್ಲಿ ಕ್ಷೇತ್ರ ಇಣುಕುವ ವಿನ್ಯಾಸ ಆರಿಸಿ. ಸ್ವಿಟ್ಜರ್ಲೆಂಡಿನ ತಂತ್ರಜ್ಞಾನ ವಿಶ್ವವಿದ್ಯಾಲಯ ಇಪಿಎಫ್ಎಲ್‌ನಲ್ಲಿ ಹಟಿಚೆ ಆಲ್ಟುಗ್ ಅವರ ತಂಡ 2018ರಲ್ಲಿ ಮಾಡಿದ್ದು ಈ ಮಾದರಿಯದು. ವಾಲಿದ ದೀರ್ಘವೃತ್ತಗಳ ಹಾಸನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕವನ್ನೂ ಮಧ್ಯ ಅವಕೆಂಪಿನ ಒಂದೊಂದು ಅಲೆಯುದ್ದಕ್ಕೆ ಹೊಂದಿಸಿ, ಪ್ರೋಟೀನಿನ ಹೀರಿಕೆಯ ಗುರುತನ್ನು ಚಿತ್ರವಾಗಿ ಓದಿದರು. ಸ್ಪೆಕ್ಟ್ರೋಮೀಟರಿನ ಕೆಲಸವನ್ನು ಹಾಸೇ ಮಾಡಿತು.

ಲೇಸರಿಗೆ 2017ರ ಉದಾಹರಣೆ ಸಾಕು: ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಬೌಬಕರ್ ಕಾಂಟೆ ಅವರ ತಂಡ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಫಾಸ್ಫೈಡಿನ ಸಿಲಿಂಡರುಗಳನ್ನು ತೆಳು ಸೇತುವೆಗಳಿಂದ ಜೋಡಿಸಿ ಗಾಳಿಯಲ್ಲಿ ತೂಗುಬಿಟ್ಟು, ಕೋಣೆಯ ತಾಪಮಾನದಲ್ಲೇ ಬಿಐಸಿ ಲೇಸರ್ ಹೊಮ್ಮಿಸಿತು.

ಹಂತ 8: ಮಾಡಿಸುವುದು, ಅಳೆಯುವುದು

ಬೆಂಗಳೂರಿನ ಐಐಎಸ್‌ಸಿಯ ಸೆಂಟರ್ ಫಾರ್ ನ್ಯಾನೋ ಸೈನ್ಸ್ ಅಂಡ್ ಎಂಜಿನಿಯರಿಂಗ್‌ನಲ್ಲಿ ಇದಕ್ಕೆ ಬೇಕಾದ ಎಲೆಕ್ಟ್ರಾನ್ ಕಿರಣದ ಲಿಥೋಗ್ರಫಿ, ಪ್ಲಾಸ್ಮಾ ಕೆತ್ತನೆ, ಪದರ ಹೊದಿಸುವ ಯಂತ್ರಗಳಿವೆ. ಐಎನ್‌ಯುಪಿ ಎಂಬ ಯೋಜನೆಯಡಿ ಬೇರೆ ಕಾಲೇಜು, ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ಅಲ್ಲಿ ಕೆಲಸ ಮಾಡಲು ದಾರಿಯಿದೆ. ಅರ್ಜಿಯ ಜೊತೆ ಹಂತ 4ರ ಮೂರೂ ಪರೀಕ್ಷೆಗಳ ಚಿತ್ರಗಳನ್ನು ಇಟ್ಟರೆ ಪ್ರಸ್ತಾವಕ್ಕೆ ತೂಕ ಬರುತ್ತದೆ. ಒಂದೇ ವ್ಯಾಸದ ಬಿಲ್ಲೆ ಮಾಡಿಸಬೇಡಿ. ಗುರಿಯ ಆಚೀಚೆ ಹತ್ತು ಹತ್ತು ನ್ಯಾನೋಮೀಟರ್ ಅಂತರದಲ್ಲಿ ಒಂದು ಸಾಲನ್ನೇ ಬರೆಸಿ. ಕೆತ್ತನೆಯಲ್ಲಿ ಅಳತೆ ಸರಿದರೂ ಯಾವುದಾದರೊಂದು ಬಿಲ್ಲೆ ಬೇಕಾದ ಅಲೆಯುದ್ದಕ್ಕೆ ಬಂದು ಕೂರುತ್ತದೆ, ಜೊತೆಗೆ ವ್ಯಾಸ ಬದಲಾದಂತೆ ತಗ್ಗು ಸರಿಯುವುದನ್ನೂ ತೋರಿಸಬಹುದು.

ಒಂಟಿ ಬಿಲ್ಲೆಯನ್ನು ಅಳೆಯಲು ಡಾರ್ಕ್‌ಫೀಲ್ಡ್ ಸೂಕ್ಷ್ಮದರ್ಶಕ (ಚದುರಿದ ಬೆಳಕನ್ನಷ್ಟೇ ಹಿಡಿಯುವ ಬಗೆಯದು) ಬಳಸುವುದು ರೂಢಿ. ಅಲ್ಲಿ ಬೆಳಕು ಓರೆಯಾಗಿ ಬೀಳುತ್ತದೆ, ನೀವು ಲೆಕ್ಕ ಮಾಡಿದ್ದು ನೇರ ಬೀಳುವ ಬೆಳಕಿಗೆ. ಆದ್ದರಿಂದ ಅದೇ ಓರೆಯಲ್ಲಿ ಇನ್ನೊಮ್ಮೆ ಮೀಪ್ ಓಡಿಸಿ ಹೋಲಿಸಿ. ಓರೆ ಬೆಳಕು ನೆಟ್ಟಗಿನ ಧ್ರುವಗಳನ್ನೂ ಎಬ್ಬಿಸಿ ತಗ್ಗನ್ನು ತುಸು ತುಂಬಿಬಿಡುತ್ತದೆ.

ಬಿಐಸಿ ಹಾಸಿನಲ್ಲಿ ಇದರ ವಿರುದ್ಧದ ತೊಂದರೆ. ನೂರು ಪಟ್ಟು ಹಿಗ್ಗಿಸುವ ಮಸೂರ ಹಾಕಿದರೆ ಅದು ಹಲವು ಕೋನಗಳಿಂದ ಬೆಳಕು ಸುರಿಯುತ್ತದೆ. ಒಂದೊಂದು ಕೋನಕ್ಕೂ ಶಿಖರ ಒಂದೊಂದು ಕಡೆ ಬಂದು, ಎಲ್ಲ ಸೇರಿ ಚೂಪು ಹೋಗಿ ದಿಬ್ಬವಾಗುತ್ತದೆ. ಕಿರಣಗಳು ಸಮಾನಾಂತರವಾಗಿ ಬೀಳುವಂತೆ ಕಡಿಮೆ ಹಿಗ್ಗಿಸುವ ಮಸೂರ ಬಳಸಿ, ಅದಕ್ಕೆ ತಕ್ಕಂತೆ ಹಾಸನ್ನು ಅಗಲವಾಗಿ ಮಾಡಿಸಿ. ಸ್ಪೆಕ್ಟ್ರೋಮೀಟರಿನ ಸೂಕ್ಷ್ಮತೆಯನ್ನೂ ಮೊದಲೇ ವಿಚಾರಿಸಿ: ಕ್ಯು 10,000 ಎಂದರೆ 1550ರಲ್ಲಿ ಶಿಖರದ ಅಗಲ 0.155 ನ್ಯಾನೋಮೀಟರ್, ಉಪಕರಣ ಅದಕ್ಕಿಂತ ಎಷ್ಟೋ ಸಣ್ಣದನ್ನು ಬಿಡಿಸಬಲ್ಲದಾಗಿರಬೇಕು. ಇಲ್ಲವಾದರೆ ಅಲೆಯುದ್ದ ಬದಲಿಸಬಲ್ಲ ಲೇಸರನ್ನು ಸಣ್ಣ ಹೆಜ್ಜೆಗಳಲ್ಲಿ ಸರಿಸುತ್ತಾ ಡಿಟೆಕ್ಟರಿನಲ್ಲಿ ಓದುವುದೇ ಮೇಲು. ಹಿನ್ನೆಲೆಯ ಬೆಳಕು ಕಾಡಿದರೆ ಬೀಳುವ ದಾರಿಯಲ್ಲಿ ಒಂದು, ಬರುವ ದಾರಿಯಲ್ಲಿ ಅದಕ್ಕೆ ಅಡ್ಡವಾಗಿ ಇನ್ನೊಂದು ಪೋಲರೈಸರ್ ಇಟ್ಟು, ಮಾದರಿಯನ್ನು ಅವೆರಡರ ನಡುವೆ 45 ಡಿಗ್ರಿ ತಿರುಗಿಸಿ; ಹಲಗೆಯಿಂದ ನೇರ ಮರಳುವ ಬೆಳಕು ತಡೆದುಹೋಗಿ, ಅನುರಣನದಿಂದ ಬಂದದ್ದು ಎದ್ದು ಕಾಣುತ್ತದೆ.